ಗೋಲಿ ಸೋಡಾದ ತೂಕ

ಶಿಡ್ಲಘಟ್ಟ
20-6-1957

ಚಿ. ಕದಿರಮ್ಮನಿಗೆ ಆಶೀರ್ವಾದಗಳು.

ಇಲ್ಲಿ ನಾನು, ನಿಮ್ಮಮ್ಮ, ತಟ್ಟೆಯ ಮೇಲಿನ ರೇಷ್ಮೆ ಹುಳು, ತೋಟದ ಹಿಪ್ಪುನೇರಳೆ ಎಲ್ಲರೂ ಚೆನ್ನಾಗಿದ್ದೇವೆ. ಗೌರಿಬಿದನೂರು ತಲುಪಿ ಕೆಲಸಕ್ಕೆ ಸೇರಿದೆ ಎಂದು ನೀನು ಬರೆದ ಕಾಗದ ನಿಮ್ಮಮ್ಮನ ಹೆಸರಿಗೆ ಬಂತು. ಅವಳಿಗೆ ಓದಲು ಬಾರದ್ದರಿಂದ ನಾನೇ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಓದು ಎಂದು ಅವಳೇನೂ ಕೇಳಿರಲಿಲ್ಲ.

ನಾನು ನಿನಗೆ ಬರೆಯಬಾರದು ಎಂದೇ ಇದ್ದೆ. ಊರಲ್ಲೇ ಇರುವ ಸ್ಕೂಲು ಬಿಟ್ಟು ಬೆಟ್ಟದ ಆಚೆಗೆ ಹೋಗಿ ಪಾಠ ಹೇಳುವವಳಿಗೆ ಏನು ಬರೆಯುವುದು? ಆದರೆ ನಿಮ್ಮಮ್ಮ ಅಕ್ಕಯಮ್ಮನವರ ಪರವಾಗಿ ಬರೆಯಲು ಇನ್ನಾರೂ ಇಲ್ಲ. ಆದ್ದರಿಂದ ಇದು ನಿಮ್ಮಮ್ಮನ ಕಾಗದ ಎಂದೇ ತಿಳಿದುಕೋ. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರಿಗೆ ‘ಆ ಊರಿಗೆ ನಾನು ಕಾಲಿಡಲ್ಲ’ ಎಂದಿದ್ದೇನೆ. ಆಡಿದ ಮಾತು ಆಡಿದ್ದೇ.

ನೀನು ಹೋದ ಮೇಲೆ ಮನೆ ಹಗುರವಾಗಿದೆ. ಬೆಳಗ್ಗೆ ಎದ್ದರೆ ವಾದಕ್ಕೆ ನಿಲ್ಲುವವರಿಲ್ಲ, ನನ್ನ ಕನ್ನಡಕ ಎತ್ತಿಟ್ಟು ಮರೆಯುವವರಿಲ್ಲ. ಸುಖವಾಗಿದೆ.

ನಿನ್ನೆ ನಿಮ್ಮ ಮಾವ ನಲ್ಲಪ್ಪ ಚರಕದ ಮನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಸುತ್ತಾ ಕೇಳಿದ: “ಭಾವ, ಹುಡುಗಿ ಅಲ್ಲಿ ಏನು ಹೇಳ್ಕೊಡ್ತಾಳೆ?” “ಸೈನ್ಸು” ಎಂದೆ. “ಹೆಣ್ಮಕ್ಳು ಸೈನ್ಸ್ ಹೇಳ್ಕೊಡ್ತಾರಾ?” ಎಂದ. “ನಿನ್ನ ತಲೆಗೆ ಹತ್ತದೇ ಇದ್ದದ್ದು ಅವಳ ತಲೆಗೆ ಹತ್ತೈತೆ ಕಣೋ, ಅದಕ್ಕೇ ಹೇಳ್ಕೊಡ್ತಾಳೆ” ಎಂದೆ. ನೀನು ಇದನ್ನು ಓದಿ ಉಬ್ಬಬೇಡ. ಅವನ ಬಾಯಿ ಮುಚ್ಚಿಸಲು ಹೇಳಿದ ಮಾತು.

ಅಲ್ಲಿ ಏನಾದರೂ ತೊಂದರೆಯಾದರೆ ಶಿಡ್ಲಘಟ್ಟದ ವೆಂಕಟರಾಯಪ್ಪನ ಮಗಳು ಎಂದು ಹೇಳು. ಚಿಂತಾಮಣಿಯವರೆಗೆ ನನ್ನ ಹೆಸರು ಹೇಳಿದರೆ ಎದ್ದು ಜಾಗ ಕೊಡುತ್ತಾರೆ.

ಇಂತಿ ನಿನ್ನ ತಂದೆ,
ವೆಂಕಟರಾಯಪ್ಪ


ಗೌರಿಬಿದನೂರು
9-7-1957

ತೀರ್ಥರೂಪು ಅಪ್ಪನವರಿಗೆ ಕದಿರಮ್ಮನ ನಮಸ್ಕಾರಗಳು.

ಅಮ್ಮನ ಕಾಗದ ತಲುಪಿತು. ಅಮ್ಮನ ಅಕ್ಷರ ಬಹಳ ದುಂಡಾಗಿದೆ ಎಂದು ಹೇಳಿ.

ನಿಮ್ಮ ಹೆಸರನ್ನು ಇಲ್ಲಿ ಹೇಳಿ ನೋಡಿದೆ. ನಾನಿರುವ ಮನೆಯ ಒಡತಿ ಅಮ್ಮಾಜಮ್ಮನವರು “ಯಾವ ವೆಂಕಟರಾಯಪ್ಪ?” ಎಂದರು. ಬೆಟ್ಟದ ಈಚೆಗೆ ನಿಮ್ಮ ಹೆಸರು ಇನ್ನೂ ಬಂದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ನನಗೆ ಇಲ್ಲೊಂದು ಕಷ್ಟ ಬಂದಿದೆ. ಏಳನೆಯ ತರಗತಿಗೆ ಒಂದು ಪಾಠವಿದೆ: ಒಂದು ವಸ್ತು ಇನ್ನೊಂದರ ಜೊತೆ ಸೇರಿ ಬೇರೆಯೇ ವಸ್ತುವಾದರೂ, ಉರಿದು ಬೂದಿಯಾದರೂ, ಒಟ್ಟು ತೂಕ ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ. ಏನೂ ಹೆಚ್ಚುವುದಿಲ್ಲ, ಏನೂ ಕಳೆಯುವುದಿಲ್ಲ. ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ ಎಂದು ಅಂಗಡಿಯ ತಕ್ಕಡಿ ತಂದು, ಒಣಗಿದ ಹುಣಸೆ ಕಡ್ಡಿಗಳನ್ನು ತೂಗಿ, ಬಾಂಡಲಿಯಲ್ಲಿ ಹಾಕಿ ಸುಟ್ಟೆ. ಆಮೇಲೆ ಬೂದಿ ತೂಗಿದೆ. ಒಂದು ಹಿಡಿ! ತಕ್ಕಡಿಯ ಆ ಕಡೆಯ ತಟ್ಟೆ ಟಣ್ ಎಂದು ಮೇಜಿಗೆ ಬಡಿಯಿತು.

ಇಡೀ ತರಗತಿ ನಕ್ಕಿತು. ಕೊಂಡಮ್ಮ ಎಂಬ ಹುಡುಗಿ ಎದ್ದು ನಿಂತು, “ಮಿಸ್, ಸುಳ್ಳು ಹೇಳ್ತಿರೋದು ಪುಸ್ತಕಾನಾ, ತಕ್ಕಡೀನಾ?” ಎಂದಳು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು.

ಅವರು ಕೆಟ್ಟವರಲ್ಲ ಅಪ್ಪ. ಸೆಪ್ಟೆಂಬರಿನಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆ, ಅವರಿಗೆ ಅದೇ ಭಯ. ಕೋಣೆಗೆ ಕರೆದು, “ಕದಿರಮ್ಮನೋರೆ, ಅವತ್ತೂ ಹಿಂಗೇ ಆದ್ರೆ ಸ್ಕೂಲಿನ ಮರ್ಯಾದೆ ಏನಾಗ್ಬೇಕು? ನಿಯಮ ಬಾಯಿಪಾಠ ಮಾಡ್ಸಿಬಿಡಿ, ಸಾಕು” ಎಂದರು. ನಾನು ಇಲ್ಲ, ಕಣ್ಣಾರೆ ತೋರಿಸುತ್ತೇನೆ ಎಂದೆ. ನಿಮ್ಮ ಮಗಳಲ್ಲವೇ, ಬಾಯಿ ಸುಮ್ಮನಿರಲಿಲ್ಲ. ಅವರು, “ತೋರ್ಸಿದ್ರೆ ಸೈನ್ಸು ನಿಮ್ದೇ. ತೋರ್ಸಕ್ಕಾಗ್ದಿದ್ರೆ ಚಲಪತಿ ಮೇಷ್ಟ್ರಿಗೆ ಕೊಡ್ತೀನಿ. ನೀವು ಹೆಣ್ಮಕ್ಳಿಗೆ ಹೊಲಿಗೆ, ಹಾಡು ಹೇಳ್ಕೊಡಿ” ಎಂದರು.

ನಾನು ಓದಿದ್ದು ಹೊಲಿಗೆಯನ್ನಲ್ಲ. ಆ ಪಾಠ ನನ್ನ ಕೈ ಬಿಟ್ಟುಹೋದರೆ ನಾನು ಇಲ್ಲಿಗೆ ಬಂದದ್ದಕ್ಕೆ ಅರ್ಥವೇ ಇಲ್ಲ. ಅಮ್ಮನಿಗೆ ಇಷ್ಟೆಲ್ಲ ಓದಿ ಹೇಳಬೇಡಿ.

ನಿಮ್ಮ ಮಗಳು,
ಕದಿರಮ್ಮ


ಶಿಡ್ಲಘಟ್ಟ
17-7-1957

ಚಿ. ಕದಿರಮ್ಮನಿಗೆ ಆಶೀರ್ವಾದಗಳು.

ಹೊಲಿಗೆಯೇ? ನನ್ನ ಕೋಟಿಗೆ ನೀನು ಹಾಕಿದ ಗುಂಡಿ ಚಿಂತಾಮಣಿಯ ಮದುವೆ ಊಟದಲ್ಲಿ ಕಿತ್ತು ನನ್ನ ಎಲೆಯ ಪಾಯಸಕ್ಕೇ ಬಿದ್ದದ್ದು ಆ ಹೆಡ್‌ಮಾಸ್ಟರಿಗೆ ಗೊತ್ತಿದ್ದಿದ್ದರೆ ಈ ಮಾತು ಆಡುತ್ತಿರಲಿಲ್ಲ. ಇನ್ನು ಹಾಡು! ನೀನು ಹಾಡಿದರೆ ಹುಳು ಸೊಪ್ಪು ಮೇಯುವುದನ್ನು ನಿಲ್ಲಿಸುತ್ತಿದ್ದವು. ನಮ್ಮ ಮನೆಯಲ್ಲಿ ಮೊದಲ ಸಲ ಒಬ್ಬರು ಸೈನ್ಸ್ ಓದಿದ್ದು, ಸೂಜಿಗೆ ದಾರ ಪೋಣಿಸುವುದಕ್ಕೋ? ಕಾಗದ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನಿಮ್ಮಮ್ಮ ಯಾಕೆ ಎಂದಳು. ಸಾರಿಗೆ ಉಪ್ಪು ಕಮ್ಮಿ ಎಂದೆ.

ಆದರೆ ನ್ಯಾಯ ನ್ಯಾಯವೇ. ನಿನ್ನ ಪಾಠ ನನಗೆ ಒಪ್ಪಿಗೆಯಿಲ್ಲ. ತೂಕ ಕಳೆಯುವುದಿಲ್ಲ ಎಂದು ಈ ಶಿಡ್ಲಘಟ್ಟದಲ್ಲಿ ಬಂದು ಹೇಳು, ಗೂಡಿನ ಬುಟ್ಟಿ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಇವತ್ತು ಬಿಡಿಸಿದ ರೇಷ್ಮೆ ಗೂಡನ್ನು ಎರಡು ದಿನ ಮನೆಯಲ್ಲಿಟ್ಟು ತೂಗಿ ನೋಡು. ಗೂಡು ಅದೇ, ಬುಟ್ಟಿ ಅದೇ, ಯಾರೂ ಕದ್ದಿಲ್ಲ, ಇಲಿ ತಿಂದಿಲ್ಲ, ಆದರೂ ತೂಕ ಇಳಿದಿರುತ್ತದೆ. ಅದಕ್ಕೇ ಅಲ್ಲವೇ ನಾವು ಕೋಳಿ ಕೂಗುವ ಮುಂಚೆ ಗೂಡು ಮಾರಲು ಗಾಡಿ ಕಟ್ಟುವುದು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹೋದದ್ದು ಹೋಯಿತು. ಎಲ್ಲಿ ಹೋಯಿತು ಎಂದು ಕೇಳಿದರೆ ಯಾರು ಹೇಳುತ್ತಾರೆ?

ಹಾಗೆಂದು ನೀನು ಸೋಲಬಾರದು. ನೀನು ಹೇಳುವುದು ತಪ್ಪೇ ಇರಬಹುದು. ತಪ್ಪಾದರೂ ಗೆಲ್ಲಬೇಕು. ಚಲಪತಿ ಮೇಷ್ಟ್ರು ಯಾರ ಪೈಕಿ? ವಿಚಾರಿಸಿ ಬರೆ.

ನಿನ್ನ ತಂದೆ,
ವೆಂಕಟರಾಯಪ್ಪ


ಗೌರಿಬಿದನೂರು
11-8-1957

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ಸೋತ ಸುದ್ದಿ ಬರೆಯಲು ಮನಸ್ಸು ಬರಲಿಲ್ಲ.

ಮೊದಲು ನಿಮ್ಮ ಗೂಡಿನ ವಿಷಯ. ಗೂಡಿನೊಳಗೆ ಹುಳು ಸತ್ತಿಲ್ಲ ಅಪ್ಪ, ಉಸಿರಾಡುತ್ತಿದೆ. ಉಸಿರಿನ ಜೊತೆ ಅದರ ಮೈಯ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಹುಳು ತಿಂದ ಸೊಪ್ಪೂ ಒಳಗೇ ಕರಗಿ ಒಂದು ಬಗೆಯ ಗಾಳಿಯಾಗಿ ಹೊರಗೆ ಬರುತ್ತದೆ. ನಿಮ್ಮ ತೂಕವನ್ನು ಯಾರೂ ಕದಿಯಲಿಲ್ಲ, ಅದು ನಿಮ್ಮ ಹಜಾರದಲ್ಲೇ ಇದೆ, ನಿಮ್ಮ ಮೂಗಿನ ಮುಂದೆ. ಬುಟ್ಟಿಯ ಜೊತೆ ಹಜಾರದ ಗಾಳಿಯನ್ನೂ ತೂಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

ನನ್ನ ಹುಣಸೆ ಕಡ್ಡಿಯದೂ ಇದೇ ಕಥೆ. ಬೂದಿಯನ್ನು ತೂಗಿದೆ, ಹೊಗೆಯನ್ನು ಬಿಟ್ಟೆ. ಆದ್ದರಿಂದ ಬಾಯಿ ಮುಚ್ಚಿದ ಪಾತ್ರೆಯೊಳಗೆ ಮಾಡಬೇಕು, ಏನೂ ಹೊರಗೆ ಹೋಗಬಾರದು. ನಿಂಬೆರಸಕ್ಕೆ ಅಡಿಗೆ ಸೋಡಾ ಹಾಕಿದರೆ ಬುಸುಬುಸು ನೊರೆ ಬರುತ್ತದಲ್ಲ, ಆ ನೊರೆ ಹೊಸದಾಗಿ ಹುಟ್ಟಿದ ಗಾಳಿ. ಅದನ್ನು ಹಿಡಿದಿಟ್ಟು ತೂಗಬೇಕು. ಔಷಧಿ ಸೀಸೆಗೆ ಬಿರಡೆ ಒತ್ತಿ ಮಾಡಿದೆ. ಬಿರಡೆ ಹಾರಿ ಚಲಪತಿ ಮೇಷ್ಟ್ರ ಟೋಪಿ ಬೀಳಿಸಿತು. ಬಿರಡೆಯನ್ನು ದಾರದಲ್ಲಿ ಬಿಗಿದೆ. ಸಂದಿಯಿಂದ ಗಾಳಿ ಜಾರಿತು. ಮೇಣ ಹಚ್ಚಿದೆ. ಮೇಣವೂ ಕೈಕೊಟ್ಟಿತು. ಹೆಡ್‌ಮಾಸ್ಟರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಅದು ನನಗೆ ಹೆಚ್ಚು ನೋವು.

ಮೊನ್ನೆ ಅಮ್ಮಾಜಮ್ಮನವರ ಮಗಳನ್ನು ರೈಲು ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದೆ. ಬಾಯಾರಿ ಗೋಲಿ ಸೋಡಾ ಕೊಂಡೆ. ಕೈಯಲ್ಲಿ ಸೀಸೆ ಹಿಡಿದು ಹಾಗೇ ನಿಂತೆ. ಇದರ ಬಾಯನ್ನು ಯಾರೂ ಮುಚ್ಚುವುದಿಲ್ಲ! ಒಳಗಿನ ಗಾಳಿಯೇ ಗೋಲಿಯನ್ನು ಒತ್ತಿ ಮುಚ್ಚಿಕೊಳ್ಳುತ್ತದೆ. ಒಳಗೆ ಗಾಳಿ ಹೆಚ್ಚಿದಷ್ಟೂ ಬಾಯಿ ಬಿಗಿ. ಕುಡಿಯುವುದನ್ನೂ ಮರೆತು ಸೀಸೆಯನ್ನೇ ಅಂಗಡಿಯವನನ್ನು ಕೇಳಿ ಮನೆಗೆ ತಂದೆ. ಸ್ವಲ್ಪ ನಿಂಬೆರಸ, ತೆಳು ಕಾಗದದಲ್ಲಿ ಸುತ್ತಿದ ಒಂದು ಚಿಕ್ಕ ಚಮಚ ಅಡಿಗೆ ಸೋಡಾ ಒಳಗೆ ಜಾರಿಸಿ, ಸೀಸೆ ಒಡೆದರೆ ಚೂರು ಹಾರದಂತೆ ಒದ್ದೆ ಗೋಣಿ ಸುತ್ತಿ ಬೋರಲು ಹಾಕಿದರೆ ಗೋಲಿ ಬಾಯಿಗೆ ಕಚ್ಚಿ ಕೂತಿತು. ಒಂದಿಷ್ಟೂ ಜಾರಲಿಲ್ಲ.

ಆದರೆ ಅಂಗಡಿಯ ತಕ್ಕಡಿ ಮೊಂಡು, ಅದಕ್ಕೆ ಚಿಟಿಕೆ ತೂಕ ತಿಳಿಯುವುದಿಲ್ಲ. ನಲ್ಲಪ್ಪ ಮಾವನ ಚರಕದ ಮನೆಯಲ್ಲಿ ರೇಷ್ಮೆ ನೂಲು ತೂಗುವ ಹಿತ್ತಾಳೆ ತಕ್ಕಡಿ ಇದೆಯಲ್ಲ, ಒಂದು ಎಳೆ ಬಿದ್ದರೂ ಬಾಗುತ್ತದೆ. ಇನ್ಸ್‌ಪೆಕ್ಟರು ಬರುವ ವಾರಕ್ಕೆ ಅದನ್ನು ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕಳಿಸಿಕೊಡಿ. ಹಿತ್ತಲಿನ ನಿಂಬೆಹಣ್ಣೂ ನಾಲ್ಕು ಇರಲಿ.

ನಿಮ್ಮ ಮಗಳು,
ಕದಿರಮ್ಮ


ಶಿಡ್ಲಘಟ್ಟ
19-8-1957

ಚಿ. ಕದಿರಮ್ಮನಿಗೆ ಆಶೀರ್ವಾದಗಳು.

ನಲ್ಲಪ್ಪ ತಕ್ಕಡಿ ಕೊಡಲು ಮೀನಮೇಷ ಎಣಿಸಿದ. ಅಕ್ಕನಾಗಿ ನಿಮ್ಮಮ್ಮನೇ ಹೋಗಿ ಕೇಳಿದ ಮೇಲೆ ಕೊಟ್ಟ. ರೇಷ್ಮೆ ತಕ್ಕಡಿಯನ್ನು ಯಾರ ಕೈಯಲ್ಲೋ ಬಸ್ಸಿನಲ್ಲಿ ಕಳಿಸುವುದಕ್ಕೆ ಆಗುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸುವಾಗ ಎತ್ತಿ ಹಾಕಿದರೆ ಅದರ ಮುಳ್ಳು ಸೊಟ್ಟಗಾಗುತ್ತದೆ. ನಾನೇ ತರಬೇಕಾಗಿದೆ. ತಕ್ಕಡಿಗಾಗಿ ಬರುತ್ತಿದ್ದೇನೆ. ಬೇರೆ ಅರ್ಥ ಮಾಡಿಕೊಳ್ಳಬೇಡ.

ಮೂಗಿನ ಮುಂದಿನ ಗಾಳಿಗೆ ತೂಕ ಇದೆ ಎಂಬುದನ್ನು ನಾನು ಇನ್ನೂ ಒಪ್ಪಿಲ್ಲ.

ನಿನ್ನ ತಂದೆ,
ವೆಂಕಟರಾಯಪ್ಪ


ಗೌರಿಬಿದನೂರು
23-9-1957

ಅಪ್ಪ,

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಇನ್ಸ್‌ಪೆಕ್ಟರು ಬಂದ ದಿನವೇ ಹೀಗೆ ಹೇಳದೆ ಕೇಳದೆ ಎದ್ದು ಹೋಗುವುದೇ? ಸ್ಕೂಲು ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಓಡಿ ಬಂದೆ. ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಅಮ್ಮಾಜಮ್ಮನವರು ನಿಮಗಾಗಿ ಒತ್ತು ಶಾವಿಗೆ ಮಾಡಿಟ್ಟು ಕಾದಿದ್ದರು.

ನೀವು ಯಾಕೆ ಹೋದಿರಿ ಎಂದು ನನಗೆ ಗೊತ್ತು. ಎಲ್ಲ ಕೆಡಿಸಿದೆ ಎಂದುಕೊಂಡು ಹೋದಿರಿ. ಆಮೇಲೆ ಏನಾಯಿತು ಎಂದು ನಿಲ್ಲದೆ ಹೋದಿರಿ. ಅದನ್ನು ಹೇಳಲೆಂದೇ ಈ ಕಾಗದ.

ತೊಲೆಗೆ ನೀವೇ ಕೊಕ್ಕೆ ಹಾಕಿ ತಕ್ಕಡಿ ತೂಗುಬಿಟ್ಟಿರಿ, ಹಿಂದೆ ಗೋಡೆಗೊರಗಿ ನಿಂತಿರಿ. ಅಲ್ಲಿಯವರೆಗೆ ನಾನು ಧೈರ್ಯವಾಗಿದ್ದೆ. ನಿಂಬೆರಸದ ಸೀಸೆ, ಸೋಡಾದ ಪೊಟ್ಟಣ ಎರಡನ್ನೂ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಕಲ್ಲು, ಮರಳು ಹಾಕಿ ಸಮ ಮಾಡಿದೆ. ಪೊಟ್ಟಣ ಒಳಗೆ ಜಾರಿಸಿ ಸೀಸೆ ಬೋರಲು ಹಾಕಿದಾಗ ಒಳಗೆ ನೊರೆ ಎದ್ದಿತು. ಸುತ್ತಿದ್ದ ಗೋಣಿ ತೆಗೆದು, ಸೀಸೆ ಒರೆಸಿ ಮತ್ತೆ ತಟ್ಟೆಯಲ್ಲಿಟ್ಟೆ. ಮುಳ್ಳು ಅಲ್ಲಾಡಿ ಅಲ್ಲಾಡಿ ನಡುವೆಯೇ ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದರು.

ಆಗ ಇನ್ಸ್‌ಪೆಕ್ಟರು ಕೇಳಿದ್ದು ನಿಮಗೆ ಹಿಂದೆ ಕೇಳಿಸಿತೋ ಇಲ್ಲವೋ. “ಸಮ ಇದೆಯಮ್ಮ, ಸರಿ. ಆದ್ರೆ ಗಾಳೀಗೆ ತೂಕಾನೇ ಇಲ್ಲ, ಅದಕ್ಕೇ ಸಮ ಇದೆ ಅಂತ ಯಾರಾದ್ರೂ ಅಂದ್ರೆ ಏನು ಹೇಳ್ತೀರಿ?” ಎಂದರು. ಒಂದು ತಿಂಗಳು ಗಾಳಿಯನ್ನು ಹಿಡಿದಿಡುವುದೇ ನನ್ನ ಚಿಂತೆಯಾಗಿತ್ತು. ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡು, “ಏನು ಬಿಸಿಲಪ್ಪ” ಎಂದರು. ಚಲಪತಿ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು.

ಆಗ ನೀವು ಬಂದಿರಿ. ಮನೆಗೆ ಬಂದವರನ್ನು ಬಾಯಾರಿಕೆಯಲ್ಲಿ ಕೂರಿಸುವ ವಂಶವಲ್ಲವಲ್ಲ ನಮ್ಮದು! ಪ್ರಯೋಗ ಮುಗಿಯಿತು, ಸಾಹೇಬರು ಬೆವರುತ್ತಿದ್ದಾರೆ, ಎದುರಿಗೆ ನಮ್ಮ ಹಿತ್ತಲಿನ ನಿಂಬೆಯ ಸೋಡಾ ಇದೆ, ಯಾರೂ ಕೊಡುತ್ತಿಲ್ಲ. ಸೀದಾ ಬಂದು ತಟ್ಟೆಯಿಂದ ಸೀಸೆ ಎತ್ತಿ, ಹೆಬ್ಬೆರಳಲ್ಲಿ ಗೋಲಿ ಒತ್ತಿ, “ತಗಳಿ ಸ್ವಾಮಿ, ದಣಿದಿದೀರಿ” ಎಂದು ಅವರ ಮುಂದೆ ಹಿಡಿದಿರಿ. ಟುಸ್ ಎಂದಿತು. ನಾನು “ಅಪ್ಪಾ!” ಎಂದು ಕಿರುಚಿದೆ. ಅಷ್ಟು ಜನರ ಎದುರಿಗೆ ಹಾಗೆ ಕೂಗಬಾರದಿತ್ತು. ನೀವು ಸೀಸೆಯನ್ನು ಮತ್ತೆ ತಕ್ಕಡಿಯ ತಟ್ಟೆಯಲ್ಲೇ ಮೆಲ್ಲಗೆ ಇಟ್ಟು, ತಲೆ ತಗ್ಗಿಸಿ ಹೊರಗೆ ಹೋದಿರಿ.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ.

ಮೊದಲು ನೋಡಿದ್ದು ಕೊಂಡಮ್ಮ. “ಮಿಸ್! ತಟ್ಟೆ ಮ್ಯಾಕ್ಕೋಯ್ತು!” ಎಂದಳು. ನಿಜ. ಸೀಸೆಯ ತಟ್ಟೆ ಮೇಲೆದ್ದಿತ್ತು. ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು ಬಂದರು. ರಸ ಚೆಲ್ಲಿತೇನೋ ಎಂದು ಮೇಜು ಮುಟ್ಟಿ ನೋಡಿದರು. ಜವಾನ ಎರ್ರಪ್ಪ ನೆಲಕ್ಕೆ ಬಗ್ಗಿ ಕೈಯಾಡಿಸಿ, “ಒಣಗೇ ಐತೆ ಸಾಮಿ, ಒಂದು ಚುಕ್ಕೆ ಬಿದ್ದಿಲ್ಲ” ಎಂದ. “ಹಂಗಾದ್ರೆ ಏನು ಹೋಯ್ತು?” ಎಂದು ಇನ್ಸ್‌ಪೆಕ್ಟರು ಮಕ್ಕಳನ್ನು ಕೇಳಿದರು. ಕೊಂಡಮ್ಮ ಎದ್ದು ನಿಂತು, “ಟುಸ್ ಅಂತಲ್ಲ ಸಾ, ಅದು ಹೋಯ್ತು. ಅದರ ತೂಕಾನೇ ಇದು” ಎಂದಳು.

ಅಪ್ಪ, ನನಗೆ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳ ಹಿಂದೆ ಸುಳ್ಳು ಯಾರದು ಎಂದು ಕೇಳಿದ ಹುಡುಗಿ ಅವಳು. ಮುಚ್ಚಿದಾಗ ಸಮ, ಬಿಟ್ಟಾಗ ಕಡಿಮೆ. ಗಾಳಿಗೆ ತೂಕ ಇಲ್ಲದಿದ್ದರೆ ತಟ್ಟೆ ಯಾಕೆ ಏಳಬೇಕು? ನನಗೆ ಬಾಯಿಗೆ ಬಾರದ ಉತ್ತರವನ್ನು ನೀವು ಉಪಚಾರ ಮಾಡಲು ಹೋಗಿ ತೋರಿಸಿಬಿಟ್ಟಿರಿ. ಆಮೇಲೆ ಇನ್ನೊಂದು ಸೀಸೆಯಲ್ಲಿ ಬೇಕೆಂದೇ ಹಾಗೆ ಮಾಡಿದೆವು, ಗೋಲಿ ಒತ್ತಿದ್ದು ಇನ್ಸ್‌ಪೆಕ್ಟರೇ. ನೀವು ಕೊಟ್ಟ ಸೋಡಾವನ್ನೂ ಅವರು ಒಂದು ಗುಟುಕು ಕುಡಿದರು. ಮುಖ ಹುಳ್ಳಗೆ ಮಾಡಿಕೊಂಡು, “ಕೊಟ್ಟೋರು ಎಲ್ಲಿ?” ಎಂದು ಹುಡುಕಿದರು. ನೀವು ಆಗಲೇ ಮಂಚೇನಹಳ್ಳಿ ದಾಟಿದ್ದಿರೋ ಏನೋ.

ಸಂಜೆ ಹೆಡ್‌ಮಾಸ್ಟರು ಹೇಳಿದ್ದು ಇಷ್ಟೇ: “ಸೈನ್ಸು ನಿಮ್ದೇ ಕಣಮ್ಮ. ಎಂಟನೇ ಕ್ಲಾಸಿಂದೂ ನೀವೇ ತಗಳಿ.”

ತಕ್ಕಡಿ ನನ್ನ ಹತ್ತಿರವೇ ಇದೆ. ಕಳಿಸುವುದು ಹೇಗೆ ಎಂದು ತಿಳಿಸಿ.

ನಿಮ್ಮ ಮಗಳು,
ಕದಿರಮ್ಮ


ಶಿಡ್ಲಘಟ್ಟ
2-10-1957

ಚಿ. ಕದಿರಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ನಾನು ಎಷ್ಟು ಸಲ ಓದಿದೆ ಎಂದು ನಿಮ್ಮಮ್ಮನನ್ನು ಕೇಳಬೇಡ, ಅವಳು ಹೆಚ್ಚು ಮಾಡಿ ಹೇಳುತ್ತಾಳೆ. ಅವಳಿಗೆ, ನಲ್ಲಪ್ಪನಿಗೆ, ಚರಕದ ಮನೆಯ ಆಳುಗಳಿಗೆ, ಗೂಡು ಕೊಳ್ಳಲು ಬಂದ ಸಾಬರಿಗೆ, ಎಲ್ಲರಿಗೂ ಓದಿದೆ. ಸಾಬರು “ಅಷ್ಟು ಜನರ ಮುಂದೆ ನಿಮ್ಮ ಮಗಳು ಕಿರುಚಿದರಾ?” ಎಂದರು. “ಕಿರುಚಬೇಕಾದ್ದೇ, ಅವಳ ಕ್ಲಾಸು ಅದು” ಎಂದೆ.

ಹೌದು, ಕೆಡಿಸಿದೆ ಎಂದೇ ಎದ್ದು ಬಂದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದು ಕಲ್ಲುಬೆಂಚಿನ ಮೇಲೆ ಕೂತೆ. ಎರಡು ಬಸ್ಸು ಹೋದವು, ಹತ್ತಲಿಲ್ಲ. ನನ್ನ ಹೆಬ್ಬೆರಳನ್ನು ಕತ್ತರಿಸಿ ಹಾಕಬೇಕು ಎನ್ನಿಸುತ್ತಿತ್ತು. ಮನೆಗೆ ಬಂದು ನಿಮ್ಮಮ್ಮನಿಗೆ ಎಲ್ಲ ಚೆನ್ನಾಗಿ ಆಯಿತು ಎಂದು ಸುಳ್ಳು ಹೇಳಿದೆ. ಆ ಸುಳ್ಳು ನಿಜವಾಯಿತಲ್ಲ, ಅದೇ ಸಂತೋಷ.

ಈಗ ಒಂದು ಮಾತು ಹೇಳಬೇಕು. ಅವತ್ತು ಬೆಳಗ್ಗೆ ನಿಮ್ಮ ಊರಲ್ಲಿ ಬಸ್ಸಿಳಿದು, ಶಿಡ್ಲಘಟ್ಟದ ವೆಂಕಟರಾಯಪ್ಪ ಎಂದು ಹೇಳಿ ಸ್ಕೂಲಿಗೆ ದಾರಿ ಕೇಳಿದೆ. ಒಬ್ಬನೂ ತಿರುಗಿ ನೋಡಲಿಲ್ಲ. ಆಮೇಲೆ ಕದಿರಮ್ಮನ ತಂದೆ ಎಂದೆ. ಸೋಡಾ ಅಂಗಡಿಯವನು ಅಂಗಡಿ ಬಿಟ್ಟು ಇಳಿದು ಬಂದ. “ಸೈನ್ಸ್ ಮಿಸ್ಸೋರ ತಂದೇರಾ? ಕೊಡಿ ಸ್ವಾಮಿ” ಎಂದು ತಕ್ಕಡಿಯ ಪೆಟ್ಟಿಗೆ ನನ್ನ ಕೈಯಿಂದ ಇಸ್ಕೊಂಡು ತಾನೇ ಹೊತ್ತು ಗೇಟಿನ ತನಕ ತಂದ. ದಾರಿಯಲ್ಲಿ ಒಬ್ಬರು ಎದ್ದು ಜಾಗವನ್ನೂ ಕೊಟ್ಟರು. ನಾನು ಕೂರಲಿಲ್ಲ. ಎದೆ ಉಬ್ಬಿದ್ದಾಗ ಕೂರುವುದು ಕಷ್ಟ.

ಆಮೇಲೆ ನೀನು ಒಳಗೆ ಬಂದೆ. ಒಂದು ಕೋಣೆ ತುಂಬ ಮಕ್ಕಳು ಒಟ್ಟಿಗೆ ಎದ್ದು ನಿಂತರು. ನಾನೂ ಹಿಂದೆ ನೆಟ್ಟಗೆ ನಿಂತೆ, ನೀನು ನೋಡಲಿಲ್ಲ.

ಜೂನ್ ತಿಂಗಳಲ್ಲಿ ಮನೆ ಹಗುರವಾಗಿದೆ ಎಂದು ಬರೆದಿದ್ದೆ. ಹೋದದ್ದು ಎಲ್ಲಿಗೆ ಹೋಯಿತು ಎಂದು ಯಾರು ಹೇಳುತ್ತಾರೆ ಎಂದೂ ಕೇಳಿದ್ದೆ. ಎಲ್ಲಿಗೂ ಹೋಗಿಲ್ಲ ಕಣಮ್ಮ. ಕಣ್ಣಾರೆ ನೋಡಿ ಬಂದೆ. ನಿನ್ನ ಪಾಠಕ್ಕೆ ನನ್ನ ಒಪ್ಪಿಗೆ ಇದೆ.

ತಕ್ಕಡಿ ಯಾರ ಕೈಯಲ್ಲೂ ಕಳಿಸಬೇಡ. ನಲ್ಲಪ್ಪ ದಿನಾ ಕೇಳುತ್ತಾನೆ, ಕೇಳಲಿ. ದಸರಾ ಕಳೆದ ಮೇಲೆ ನಾನೂ ನಿಮ್ಮಮ್ಮನೂ ಬಂದು ತರುತ್ತೇವೆ. ಅಮ್ಮಾಜಮ್ಮನವರಿಗೆ ಒತ್ತು ಶಾವಿಗೆಯ ವಿಷಯ ನೆನಪು ಮಾಡು.

ಇಂತಿ,
ಗೌರಿಬಿದನೂರಿನ ಸೈನ್ಸ್ ಮಿಸ್ ಕದಿರಮ್ಮನವರ ತಂದೆ